ಬಿಳಿ ಮುಖಕ್ಕೊಂದು ದೃಷ್ಟಿಬೊಟ್ಟು

ನನ್ನ ಮೊಮ್ಮಗಳು ಮಾಡಿದ ಮುಖ ಸ್ವೀಡನ್ನಿನ ಎಸ್ಕಿಲ್‌ಸ್ಟುನಾದ ಪ್ರದರ್ಶನದಲ್ಲಿ ಗೋಡೆ ಏರಿದೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಹಿಂದು ಮುಂದು ಆಮೇಲೆ. ಗೋಡೆ ಎಂದರೆ ನಮ್ಮ ಮನೆಯ ಗೋಡೆಯಲ್ಲ, ಊರಿನವರೆಲ್ಲ ಬಂದು ಕೈಕಟ್ಟಿ ನಿಂತು ನೋಡುವ ಗೋಡೆ. ನೆನ್ನೆ ಬಾಗಿಲು ತೆರೆಯಿತು. ಇವತ್ತು ಬೆಳಿಗ್ಗೆ ನಾನು ಒಲೆಯ ಮುಂದೆ ನಿಂತಿದ್ದಂತೆಯೇ ಹಾಲು ಉಕ್ಕಿ ಚೆಲ್ಲಿತು. ಸೊಸೆ ಓಡಿ ಬಂದಳು. ಉಕ್ಕಲಿ ಬಿಡಮ್ಮ, ನಾನೂ ಉಕ್ಕುತ್ತಿದ್ದೇನೆ, ನನ್ನನ್ನು ಯಾರೂ ಒರೆಸಲು ಬರುತ್ತಿಲ್ಲವಲ್ಲ ಎಂದೆ.

ಮೊಮ್ಮಗಳ ಹೆಸರು ಚಿನ್ಮಯಿ, ನಮಗೆಲ್ಲ ಚಿನ್ನು. ಮಗ ಇಲ್ಲಿ ಮಣ್ಣು ಅಗೆಯುವ ದೊಡ್ಡ ಯಂತ್ರಗಳ ಕಾರ್ಖಾನೆಯಲ್ಲಿ ಇಂಜಿನಿಯರು. ಅವಳು ಕಂಕುಳ ಕೂಸಾಗಿದ್ದಾಗಲೇ ಇಲ್ಲಿಗೆ ಬಂದವರು. ಚಿನ್ನುವೂ ಅಪ್ಪನ ಹಾದಿಯಲ್ಲೇ ಇಲ್ಲಿನದೇ ಇನ್ನೊಂದು ಊರಾದ ಯೋನ್‌ಶೋಪಿಂಗ್‌ಗೆ ಹೋಗಿ ಇಂಜಿನಿಯರಿಂಗ್ ಸೇರಿದಳು. ಒಂದು ವರ್ಷ ಓದಿ, ಸಾಕು ಎಂದು ಬಿಟ್ಟು, ಚಿತ್ರಶಾಲೆ ಸೇರಿದಳು. ಅಷ್ಟೇ ಆದದ್ದು. ಯಾರೂ ಸತ್ತಿಲ್ಲ, ಯಾರ ಮನೆಯೂ ಮುಳುಗಿಲ್ಲ. ಆದರೆ ಯುಗಾದಿಗೆ ಕನ್ನಡದವರೆಲ್ಲ ಸೇರಿದ್ದಾಗ ಒಬ್ಬ ಹೆಂಗಸು ಹೋಳಿಗೆ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತಳು.

"ಪಾಪ, ಚೆನ್ನಾಗೇ ಓದ್ತಿದ್ಲು ಅಲ್ವಾ ಆಂಟಿ? ಸ್ಟ್ರೆಸ್ಸಾ ಏನಾದ್ರೂ?"

"ಏನಿಲ್ಲ ಕಣಮ್ಮ. ಅವಳಿಗೆ ಇಷ್ಟ ಬಂದಿದ್ದು ಮಾಡ್ತಿದಾಳೆ. ನಿಮ್ಮನೇಲಿ ಯಾರೂ ಹಂಗೆ ಮಾಡಿಲ್ವ?"

ಅವಳು ಹೋಳಿಗೆ ತಟ್ಟೆ ಎತ್ತಿಕೊಂಡು ಬೇರೆಯವರ ಪಕ್ಕಕ್ಕೆ ಹೋದಳು. ನಮ್ಮಲ್ಲಿ 'ಪಾಪ' ಎನ್ನುವ ಮಾತು ಬೈಗುಳಕ್ಕಿಂತ ಹರಿತ. ಬೈದರೆ ತಿರುಗಿ ಬೈಯಬಹುದು. ಪಾಪ ಎಂದವರಿಗೆ ಏನು ಹೇಳುವುದು? ತಲೆ ತಗ್ಗಿಸಬೇಕು ಎಂದು ಅವರ ಲೆಕ್ಕ. ನನ್ನ ಕತ್ತು ಮೊದಲಿನಿಂದಲೂ ಸ್ವಲ್ಪ ಬಿಗಿ.

ಈ ಪ್ರದರ್ಶನ ಐದಾರು ಹುಡುಗ ಹುಡುಗಿಯರು ಸೇರಿ ಮಾಡಿದ್ದು. ಎಲ್ಲವೂ ಮುಖವಾಡ, ಮತ್ತು ಮುಖವಾಡದ ಮೇಲೆ ದೂರದಿಂದ ಬಿಡುವ ಬೆಳಕು. ಪ್ರೊಜೆಕ್ಷನ್ ಎನ್ನುತ್ತಾರೆ. ನಾನು ಓದಿದ್ದು ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ. ಆದ್ದರಿಂದ ನನಗೆ ತಿಳಿದಂತೆ ಹೇಳುತ್ತೇನೆ, ಹೆಚ್ಚು ತಿಳಿದವರು ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿದು ಕೂತುಕೊಳ್ಳಿ.

ಪ್ರೊಜೆಕ್ಷನ್ ನನಗೆ ಹೊಸದಲ್ಲ. ಚಿಕ್ಕವಳಿದ್ದಾಗ ಟೆಂಟ್ ಸಿನಿಮಾಕ್ಕೆ ಹೋಗಿ ಮುಂದುಗಡೆ ಮರಳಿನಲ್ಲಿ ಕೂರುತ್ತಿದ್ದೆವು. ಎಲ್ಲರೂ ಪರದೆ ನೋಡಿದರೆ ನಾನು ತಲೆಯ ಮೇಲೆ ಹಾದು ಹೋಗುವ ಬೆಳಕಿನ ಕೋಲು ನೋಡುತ್ತಿದ್ದೆ. ಬೀಡಿ ಹೊಗೆ ಅದರೊಳಗೆ ಸುರುಳಿ ಸುತ್ತುವುದು ಕಥೆಗಿಂತ ಚೆಂದವಿರುತ್ತಿತ್ತು. ಒಂದು ದಿನ ತಡೆಯಲಾರದೆ ಎದ್ದು ನಿಂತು ಆ ಕೋಲಿಗೆ ಕೈ ಹಾಕಿದೆ. ನನ್ನ ಐದು ಬೆರಳೂ ಹೋಗಿ ಪರದೆಯ ಮೇಲೆ ಅಳುತ್ತಿದ್ದ ನಾಯಕಿಯ ಕೆನ್ನೆಯ ಮೇಲೆ ಬಿದ್ದವು. "ಯಾವಳೇ ಅವಳು, ಕೂತ್ಕೊಳೆ" ಎಂದು ಇಡೀ ಟೆಂಟು ಕೂಗಿತು. ಅಪ್ಪ ಲಂಗ ಹಿಡಿದು ಎಳೆದು ಕೂರಿಸಿದರು. ಆ ಸಿನಿಮಾದ ಹೆಸರು ನೆನಪಿಲ್ಲ. ಅಷ್ಟು ದೊಡ್ಡ ಹೆಂಗಸಿನ ಕೆನ್ನೆ ಮುಟ್ಟಿ ಸಮಾಧಾನ ಮಾಡಿದ್ದು ಮಾತ್ರ ನೆನಪಿದೆ.

ಇನ್ನು ಮುಖವಾಡ. ಅದು ಮುಖ ಮುಚ್ಚಿಕೊಳ್ಳುವುದಕ್ಕೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಂಡ ಮುಖವಾಡ ಯಾವುದೂ ಮುಚ್ಚುವ ಕೆಲಸ ಮಾಡಿಲ್ಲ. ನಮ್ಮ ಕಡೆ ಮನೆ ಕಟ್ಟುವಾಗ ಮುಂದುಗಡೆ ಒಂದು ದೃಷ್ಟಿ ಗೊಂಬೆಯ ಮುಖ ತೂಗು ಹಾಕುತ್ತಾರೆ. ಕೆಂಪು ಬಾಯಿ, ಹೊರಗೆ ಚಾಚಿದ ನಾಲಿಗೆ, ತಟ್ಟೆಯಗಲದ ಕಣ್ಣು. ಅದು ಯಾರನ್ನು ಮುಚ್ಚುತ್ತದೆ? ಯಾರನ್ನೂ ಇಲ್ಲ. ಬೀದಿಯಲ್ಲಿ ಹೋಗುವವರು ಮನೆಯನ್ನು ದುರುಗುಟ್ಟಿ ನೋಡಿದರೆ ಅದು ಅವರನ್ನು ತಿರುಗಿ ದುರುಗುಟ್ಟುತ್ತದೆ. ಮುಚ್ಚುವುದೇನಿದ್ದರೂ ನಮ್ಮ ಬರಿ ಮುಖವೇ. ಸ್ವೀಡನ್ನಿನ ವೀಸಾಕ್ಕೆ ಫೋಟೋ ತೆಗೆಸುವಾಗ ಸ್ಟುಡಿಯೋದ ಹುಡುಗ, ನಗಬಾರದು, ಹಲ್ಲು ಕಾಣಬಾರದು, ತಲೆ ಅಲ್ಲಾಡಬಾರದು ಎಂದ. ಆ ಫೋಟೋದಲ್ಲಿ ನಾನು ಕೋಳಿ ಕದ್ದು ಸಿಕ್ಕಿಬಿದ್ದವಳಂತಿದ್ದೇನೆ. ಮೊಮ್ಮಗಳನ್ನು ನೋಡಲು ಹೊರಟ ಅಜ್ಜಿಯ ಮುಖ ಅದಲ್ಲ. ಆದರೂ ಅದನ್ನು ನೋಡಿಯೇ ನನ್ನನ್ನು ಒಳಗೆ ಬಿಟ್ಟರು.

ಅದಿರಲಿ, ನೆನ್ನೆಯ ವಿಷಯಕ್ಕೆ ಬರುತ್ತೇನೆ. ಪ್ರದರ್ಶನ ನಡೆಯುವುದು ಒಂದು ಹಳೆಯ ಕಾರ್ಖಾನೆಯ ಕಟ್ಟಡದಲ್ಲಿ. ಮನೆಯವರು ನಿಧಾನವಾಗಿ ನೋಡಲಿ ಎಂದು ಚಿನ್ನು ನಮ್ಮನ್ನು ಜನ ಬರುವ ಮೊದಲೇ ಕರೆಸಿದ್ದಳು. ಒಬ್ಬ ಹುಡುಗ ಕಾರ್ಖಾನೆಯ ಹರಿದ ಕೈಗವಸುಗಳಿಂದ ಮುಖಗಳನ್ನು ಹೊಲಿದು ರಾಶಿ ಹಾಕಿದ್ದ. ಇನ್ನೊಬ್ಬಳ ಕನ್ನಡಿಯ ಮುಂದೆ ನಿಂತರೆ ನಮ್ಮ ಮುಖಕ್ಕೆ ನರಿಯ ಮುಖ ಬಂದು ಕೂರುತ್ತಿತ್ತು. ನನ್ನ ಮಗನಿಗೆ ಅದು ಚೆನ್ನಾಗಿ ಒಪ್ಪಿತು. ಕೊನೆಯ ಕತ್ತಲೆ ಕೋಣೆ ನಮ್ಮ ಚಿನ್ನುವಿನದು.

ಅಲ್ಲಿ ಗೋಡೆಯ ಮೇಲೆ ಒಂದೇ ಒಂದು ಬಿಳಿ ಮುಖ. ತನ್ನ ಮುಖಕ್ಕೇ ಪ್ಲಾಸ್ಟರ್ ಮೆತ್ತಿಕೊಂಡು ಅಚ್ಚು ತೆಗೆದು ಮಾಡಿದ್ದು. ಮೇಲಿನಿಂದ ಬೆಳಕು ಬಿತ್ತು, ಆ ಮುಖ ನಾನಾಯಿತು. ಅವಳ ಮೂಗಿನ ಮೇಲೆ ನನ್ನ ಮೂಗು ಬಂದು ಕೂತಿತು. ನನ್ನ ತುಟಿ ಅಲ್ಲಾಡಿತು. ಹೊರಗೆ ಬಂದದ್ದು ಚಿನ್ನುವಿನ ದನಿ, ಅದೂ ಸ್ವೀಡಿಷ್. ಇಷ್ಟು ವರ್ಷ ಬಂದು ಹೋಗಿ 'ತಕ್' ಎಂದು ಥ್ಯಾಂಕ್ಸ್ ಹೇಳುವುದೊಂದನ್ನು ಬಿಟ್ಟು ಬೇರೇನೂ ಕಲಿಯದ ನಾನು ನೀರು ಕುಡಿದಂತೆ ಸ್ವೀಡಿಷ್ ಮಾತಾಡುತ್ತಿದ್ದೆ.

"ಏನಂತಿದೀನೆ ನಾನು?" ಎಂದು ಸೊಸೆಯನ್ನು ಕೇಳಿದೆ.

"ನೀವು ಯಾವೂರವ್ರು ಅಂತ ಕೇಳ್ತಾರಲ್ಲ ಅತ್ತೆ, ಎಸ್ಕಿಲ್‌ಸ್ಟುನಾ ಅಂದ್ರೆ, ಅಲ್ಲ, ನಿಜವಾಗ್ಲೂ ಯಾವೂರು ಅಂತಾರಲ್ಲ, ಅದಕ್ಕೆ ಉತ್ತರ ಹೇಳ್ತಿದೀರ. ಜೋರಾಗೇ ಹೇಳ್ತಿದೀರ."

ಆಮೇಲೆ ಸೊಸೆಯ ಮುಖ ಬಂತು, ಅದೂ ಅದನ್ನೇ ಹೇಳಿತು. ಕೊನೆಗೆ ಚಿನ್ನುವಿನ ಮುಖವೇ ಬಂತು. ಅದರ ಬಾಯಿಂದ ನನ್ನ ದನಿ. ನಾನು ಸ್ಕೈಪಿನಲ್ಲಿ ಅವಳನ್ನು ಬೈದದ್ದನ್ನೆಲ್ಲ ಹಿಡಿದಿಟ್ಟುಕೊಂಡಿದ್ದಳು ಕಳ್ಳಿ.

ನೋಡುತ್ತ ನಿಂತ ನನಗೆ ಒಂದೇ ಯೋಚನೆ ಬಂತು. ಇಷ್ಟು ಬೆಳ್ಳಗೆ, ಒಂದು ಗೆರೆಯಿಲ್ಲದೆ, ಇಷ್ಟು ಲಕ್ಷಣವಾಗಿದೆ. ಇನ್ನು ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದರೆ ಊರ ಕಣ್ಣೆಲ್ಲ ಇದರ ಮೇಲೆ. ಯುಗಾದಿಯ ಹೆಂಗಸೂ ಬರುತ್ತಾಳಂತೆ. ಕೈಚೀಲದಲ್ಲಿ ಕಾಡಿಗೆ ಡಬ್ಬಿ ಇತ್ತು. ನಾನೇ ಹರಳೆಣ್ಣೆ ದೀಪ ಹಚ್ಚಿ, ಮಸಿ ಹಿಡಿದು ಕಲೆಸಿದ ಕಾಡಿಗೆ. ಉಂಗುರ ಬೆರಳಿಗೆ ಒಂದಿಷ್ಟು ತೆಗೆದುಕೊಂಡೆ, ಮುಂದೆ ಹೋಗಿ ಆ ಬಿಳಿ ಕೆನ್ನೆಗೆ ಒಂದು ಬೊಟ್ಟು ಇಟ್ಟೆ.

ಹಿಂದೆ ಯಾರೋ ಉಸಿರು ಎಳೆದುಕೊಂಡ ಸದ್ದು. ಪ್ರದರ್ಶನದ ಉಸ್ತುವಾರಿಯ ಕರೀನ್ ಎಂಬ ಎತ್ತರದ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಚಿನ್ನು ಅವಳನ್ನು ದಾಟಿ ಓಡಿ ಬಂದಳು.

"ಅಜ್ಜಿ, ಏನ್ ಮಾಡ್ದೆ ನೀನು? ಇಟ್ಸ್ ನಾಟ್ ಎ ಬೇಬಿ. ಇಟ್ಸ್ ಮೈ ವರ್ಕ್."

"ಅದಕ್ಕೇ ಇಟ್ಟಿದ್ದು."

ಮಗ ನನ್ನ ತೋಳು ಹಿಡಿದ. "ಅಮ್ಮ, ಇಲ್ಲಿ ಇವನ್ನೆಲ್ಲ ಮುಟ್ಟಂಗಿಲ್ಲ. ಕರೀನ್‌ಗೆ ಸಾರಿ ಅಂತ ಹೇಳ್ಬಿಡು."

"ಹೇಳಲ್ಲ."

"ಅಮ್ಮ."

"ಮಗೂನ ಬೀದಿಗೆ ಕಳಿಸೋವಾಗ ಬೊಟ್ಟಿಟ್ರೆ ಯಾರಾದ್ರೂ ಸಾರಿ ಕೇಳ್ತಾರೇನೋ? ನಿಂಗೂ ಇಡ್ತಿದ್ದೆ. ಕಾಲೇಜಿಗೆ ಹೋಗೋವರ್ಗೂ ಕಿವಿ ಹಿಂದೆ ಇಟ್ಟೇ ಕಳಿಸ್ತಿದ್ದೆ, ಹೇಳ್ಲಾ ಇವರಿಗೆ?"

ಸೊಸೆ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜ ಅಲ್ಲಾಡುತ್ತಿತ್ತು.

ಕರೀನ್ ಕೂಗಾಡಲಿಲ್ಲ, ಅದನ್ನು ಹೇಳಲೇಬೇಕು. ಮೆಲ್ಲಗೆ ಚಿನ್ನುವಿಗೆ ಏನೋ ಹೇಳಿದಳು. ಮಗ ನನಗೆ ತಿಳಿಸಿದ. ಇದು ನಿನ್ನ ಕೆಲಸ, ಸರಿಯಾಗಿದೆ ಎಂದು ನೀನು ಹೇಳಿದರೆ ತೆರೆಯುತ್ತೇನೆ, ಕೆಟ್ಟಿದೆ ಎಂದರೆ ಈ ಕೋಣೆಯೊಂದನ್ನು ಮುಚ್ಚಿ ಉಳಿದವನ್ನು ತೆರೆಯುತ್ತೇನೆ. ಆಗ ಕಾಡಿಗೆ ಮೆತ್ತಿದ ನನ್ನ ಬೆರಳನ್ನು ಒಂದು ಸಲ ನೋಡಿಕೊಂಡೆ. ಇದು ಅವಳ ಮೊದಲ ಪ್ರದರ್ಶನ. ತಿಂಗಳುಗಟ್ಟಲೆ ನಿಂತುಕೊಂಡೇ ತಿಂದು ಮಾಡಿದ ಕೆಲಸ. ಆದರೂ ನಾನು ಸಾರಿ ಎನ್ನಲಿಲ್ಲ. ಎದೆಯ ಮಾತು ಬೇರೆ, ಬಾಯಿಯ ಮಾತು ಬೇರೆ.

ಚಿನ್ನು ಬಟ್ಟೆಯಿಂದ ಒರೆಸಿದಳು. ಪ್ಲಾಸ್ಟರ್ ಎಣ್ಣೆಯನ್ನು ಕುಡಿದುಬಿಟ್ಟಿತ್ತು. ಬಿಳಿ ಬಣ್ಣ ತಂದು ಬಳಿದು, ತಲೆಗೂದಲು ಒಣಗಿಸುವ ಯಂತ್ರ ಹಿಡಿದು ಒಣಗಿಸಿದಳು. ಬೊಟ್ಟು ಮಾಯವಾಯಿತು. ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಒಳಗಿಂದ ಬೂದು ಬಣ್ಣಕ್ಕೆ ಮತ್ತೆ ಎದ್ದಿತು. ಇನ್ನೊಂದು ಸಲ ಬಳಿದಳು. ಈ ಸಲ ಸ್ವಲ್ಪ ಅಗಲವಾಗಿಯೇ ಎದ್ದಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕೈಕಟ್ಟಿ ನಿಂತಿದ್ದೆ. ಹರಳೆಣ್ಣೆಗೆ ನಾನೇನೂ ಹೇಳಿಕೊಟ್ಟಿರಲಿಲ್ಲ.

ಅವಳು ಮತ್ತೆ ಬ್ರಶ್ ಎತ್ತಿದಳು. ಮೇಲಿನ ಬೆಳಕನ್ನು ಯಾರೂ ಆರಿಸಿರಲಿಲ್ಲ. ಗೋಡೆಯ ಮೇಲೆ ನನ್ನ ಮುಖ ಹೋಯಿತು, ಸೊಸೆಯ ಮುಖ ಬಂದು ಹೋಯಿತು, ಚಿನ್ನುವಿನ ಮುಖ ಬಂತು. ಮುಖಗಳು ಬದಲಾಗುತ್ತಿದ್ದರೂ ಬೊಟ್ಟು ಜಾಗ ಬಿಟ್ಟು ಕದಲುತ್ತಿರಲಿಲ್ಲ. ತನ್ನ ಮುಖದ ಮೇಲೆ ಅದನ್ನು ಕಂಡು ಅವಳ ಕೈ ನಿಂತಿತು.

"ಚಿಕ್ಕೋಳಿದ್ದಾಗ ನೀನು ಬಂದಾಗೆಲ್ಲ ಇದನ್ನಿಟ್ಟು ದಾಗಿಸ್‌ಗೆ ಕಳಿಸ್ತಿದ್ದೆ" ಎಂದಳು. ಇಲ್ಲಿ ಶಿಶುವಿಹಾರಕ್ಕೆ ಹಾಗೆನ್ನುತ್ತಾರೆ. "ಅಲ್ಲಿ ಮಕ್ಕಳೆಲ್ಲ ಕೊಳೆ ಅಂತಿದ್ರು. ನಾನು ಗೇಟ್ ಹತ್ರಾನೇ ಎಂಜಲು ಹಚ್ಚಿ ಉಜ್ಜಿ ಒರೆಸ್ಕೋತಿದ್ದೆ. ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಸಂಜೆ ಬರೋವಾಗ ಕೆನ್ನೆ ಕೆಂಪಗಿರೋದು."

"ಮತ್ತೆ ಯಾಕೆ ದಿನಾ ಇಡ್ತಿದ್ದೆ?"

"ನೀನು ಒರೆಸ್ಕೋತೀಯ ಅಂತ ನಾನು ಇಡೋದು ಬಿಡ್ಲಾ?"

ಅವಳು ನಕ್ಕಳೋ ಅತ್ತಳೋ ಕತ್ತಲಲ್ಲಿ ಸರಿಯಾಗಿ ಕಾಣಲಿಲ್ಲ. ಬ್ರಶ್ಶನ್ನು ಡಬ್ಬಿಯೊಳಗೆ ಇಟ್ಟಳು.

"ಆದ್ರೂ ನನ್ನ ಒಂದ್ಮಾತು ಕೇಳ್ಬೇಕಿತ್ತು ಅಜ್ಜಿ. ಐ ಆ್ಯಮ್ ಸೀರಿಯಸ್."

ಅದು ನ್ಯಾಯವಾದ ಮಾತು. ನ್ಯಾಯಕ್ಕೆ ನಾನು ಯಾವತ್ತೂ ಅಡ್ಡ ಬಂದವಳಲ್ಲ. "ಮುಂದಿನ ಸಲ ಕೇಳ್ತೀನಿ" ಎಂದೆ. "ಕೇಳಿ, ಆಮೇಲೆ ಇಡ್ತೀನಿ."

ಚಿನ್ನು ಕರೀನ್ ಕಡೆ ತಿರುಗಿ ಸ್ವೀಡಿಷಿನಲ್ಲಿ ಚಿಕ್ಕದಾಗಿ ಏನೋ ಹೇಳಿದಳು. ಸೊಸೆ ನನ್ನ ಕಿವಿಯ ಹತ್ತಿರ ಬಂದಳು. "ಕೆಲಸ ಈಗ ಮುಗೀತು, ಬಾಗಿಲು ತೆಗೀರಿ ಅಂದ್ಲು ಅತ್ತೆ."

ಬಾಗಿಲು ತೆರೆಯಿತು. ಜನ ಬಂದರು, ನಿಂತರು, ಒಬ್ಬರನ್ನೊಬ್ಬರು ಮೆಲ್ಲಗೆ ಮೊಣಕೈಯಿಂದ ತಿವಿದು ತೋರಿಸಿದರು. ನನ್ನ ವಯಸ್ಸಿನ ಒಬ್ಬ ಸ್ವೀಡಿಷ್ ಮುದುಕಿ ಒಂದೆರಡು ಸುತ್ತು ಮುಖಗಳು ಬಂದು ಹೋಗುವವರೆಗೂ ಅಲ್ಲೇ ನಿಂತಿದ್ದಳು. ನಿಂತಲ್ಲೇ ತನ್ನ ಕೆನ್ನೆಯ ಮೇಲೆ ಅದೇ ಜಾಗದಲ್ಲಿ ಬೆರಳಿಟ್ಟುಕೊಂಡಳು. ತಾನು ಹಾಗೆ ಮಾಡಿದ್ದು ಅವಳಿಗೇ ತಿಳಿಯಲಿಲ್ಲ ಎಂದು ಕಾಣುತ್ತದೆ. ಗೋಡೆಯ ಮೇಲಿನ ನನ್ನನ್ನೂ ನೆಲದ ಮೇಲಿನ ನನ್ನನ್ನೂ ಹೋಲಿಸಿ ನೋಡಿ ಏನೋ ಕೇಳಿದಳು. ನಾನು "ತಕ್" ಎಂದೆ. ಗೋಡೆಯ ಮೇಲಿನವಳು ಉಳಿದದ್ದನ್ನು ಹೇಳಿಕೊಂಡಳು.

ಯುಗಾದಿಯ ಹೆಂಗಸೂ ಬಂದಳು. ಮೊಬೈಲ್ ಎತ್ತಿ ಫೋಟೋ ಹೊಡೆದು, ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ಅಲ್ಲೇ ನಿಂತು ಹಾಕಿದಳು.

"ಸೂಪರ್ ಆಗಿದೆ ಆಂಟಿ. ಆ ಬ್ಲ್ಯಾಕ್ ಡಾಟ್ ಏನು, ಏನಾದ್ರೂ ಮೀನಿಂಗ್ ಇದೆಯಾ?"

"ನಿನ್ನಂಥೋರಿಗೇ ಇಟ್ಟಿರೋದು ಕಣಮ್ಮ" ಎನ್ನಬೇಕೆಂದುಕೊಂಡೆ. ಎಂದೂಬಿಟ್ಟೆ. ಅವಳು ಅದನ್ನು ಮರ್ಯಾದೆ ಎಂದುಕೊಂಡು ಸಂತೋಷಪಟ್ಟಳು. ಪಡಲಿ, ನನಗೇನೂ ನಷ್ಟವಿಲ್ಲ.

ನೀವು ನಗುತ್ತಿರಬಹುದು. ಕಣ್ಣು ಬೀಳುವುದು, ಬೊಟ್ಟು ತಡೆಯುವುದು, ಈ ಕಾಲದಲ್ಲೂ ಇದೆಲ್ಲ ಉಂಟೇ ಎಂದು. ನಗಿ. ನನಗೂ ಅದು ನಿಜವೋ ಸುಳ್ಳೋ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟೇ. ಮಗುವನ್ನು ಹೊರಗೆ ಕಳಿಸುವಾಗ ಅದರ ಹಿಂದೆ ಒಬ್ಬರು ಇದ್ದಾರೆ ಎಂದು ಊರಿಗೆ ಕಾಣುವಂತಿರಬೇಕು. ಬಟ್ಟೆ ಎಲ್ಲರೂ ಹಾಕಿಸುತ್ತಾರೆ. ಬೊಟ್ಟನ್ನು ಮನೆಯವರೇ ಇಡಬೇಕು.

ಸಂಜೆ ಮನೆಗೆ ಬಂದಾಗ ಇನ್ನೂ ಹಗಲಿನಷ್ಟೇ ಬೆಳಕಿತ್ತು. ಸೊಸೆ ಸೊಪ್ಪಿನ ಸಾರಿಗೆ ಇಟ್ಟಳು, ನಾನು ಮುದ್ದೆ ತೊಳಸಿದೆ. ಮೇಜು ಬೇಡ ಎಂದು ಚಿನ್ನುವೇ ನೆಲದ ಮೇಲೆ ತಟ್ಟೆ ಹಾಕಿದಳು. ನಾಲ್ವರೂ ಸುತ್ತ ಕೂತೆವು. ಉಗುರಿಗೆ ಮೆತ್ತಿದ್ದ ಬಿಳಿ ಬಣ್ಣ ಎಷ್ಟು ತೊಳೆದರೂ ಹೋಗದೆ, ಚಿನ್ನು ಹಾಗೇ ಮುದ್ದೆ ಮುರಿದಳು.

ಮಗ ತಟ್ಟೆ ನೋಡುತ್ತಲೇ ಕೇಳಿದ. "ಅಲ್ಲಾ ಚಿನ್ನು, ಮೂರೂ ಹೆಂಗಸರ ಮುಖಾನೇ ಆಯ್ತಲ್ಲ. ಮುಂದಿನ ಸಲ ನಂದೂ ಹಾಕ್ಬಹುದಲ್ವಾ?"

ಇಂಜಿನಿಯರಿಂಗ್ ಬಿಟ್ಟ ಮೇಲೆ ಅವಳ ಕೆಲಸದ ಬಗ್ಗೆ ಅವನು ತಾನಾಗಿ ಎತ್ತಿದ ಮೊದಲ ಮಾತು ಅದು. ಯಾರೂ ತಲೆ ಎತ್ತಲಿಲ್ಲ. ಎತ್ತಿದರೆ ಆ ಮಾತು ಹೆದರಿ ಓಡಿಹೋಗುವಂತಿತ್ತು.

"ಹಾಕ್ಬಹುದು ಅಪ್ಪ" ಎಂದಳು ಚಿನ್ನು. "ಬಟ್ ಮೀಸೆ ತೆಗೀಬೇಕು. ಪ್ಲಾಸ್ಟರ್ ಹಾಕಿದ್ರೆ ಅದು ಕಿತ್ಕೊಂಡು ಬರುತ್ತೆ."

"ಕಿತ್ಕೊಂಡೇ ಬರ್ಲಿ ಬಿಡೆ" ಎಂದಳು ಸೊಸೆ. "ಬ್ಲೇಡಿನ ಖರ್ಚು ಉಳಿಯತ್ತೆ."

ಸಾರು ಖಾರವಾಗಿತ್ತು. ಎಲ್ಲರ ಮೂಗೂ ಸೋರುತ್ತಿತ್ತು, ಎಲ್ಲರ ಕೆನ್ನೆಯೂ ಉಬ್ಬಿತ್ತು, ಎಲ್ಲರ ಗಲ್ಲಕ್ಕೂ ಸಾರು ಹತ್ತಿತ್ತು. ಉಣ್ಣುವವರ ಮುಖ ನೋಡಿದ್ದೀರಾ? ಅದರ ಮೇಲೆ ಇನ್ನೊಂದು ಮುಖ ಎಷ್ಟು ಸಲ ಹಾಕಿದರೂ ನಿಲ್ಲುವುದಿಲ್ಲ, ಜಾರಿ ತಟ್ಟೆಗೆ ಬೀಳುತ್ತದೆ. ಚಿನ್ನು ಬಾಯಿ ತುಂಬ ಮುದ್ದೆ ಇಟ್ಟುಕೊಂಡೇ ತಟ್ಟೆ ಮುಂದೆ ತಳ್ಳಿದಳು. ನಾನು ಇನ್ನೊಂದು ಸೌಟು ಬಡಿಸಿದೆ.