ಗಾಳ ಮುಟ್ಟದ ಮಾವ ಮಾಡಿದ ಬೆಂಡು

ನಮ್ಮ ಮಾವ ಬಾಳಗೊಂಡ ಪಾಟೀಲರು ಕಟ್ಟಾ ಜೈನರು. ಹೊತ್ತು ಮುಳುಗಿದ ಮೇಲೆ ಊಟ ಮಾಡುವವರಲ್ಲ. ಬದನೆಕಾಯಿಯಲ್ಲಿ ಹುಳ ಕಂಡರೆ ಅದನ್ನು ಎಲೆಯ ಮೇಲೆ ಕೂರಿಸಿಕೊಂಡು ಹಿತ್ತಲಿಗೆ ಬಿಟ್ಟು ಬರುವವರು. ದತ್ತವಾಡದಲ್ಲಿ ಗಾಳದ ದಾರದಲ್ಲಿ ತೇಲುತ್ತ, ಮೀನು ಕಚ್ಚಿದರೆ ಮುಳುಗಿ ತೋರಿಸುವ ಬೆಂಡನ್ನು ಅವರಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿಲ್ಲ.

ನಾನು ನೂಲ ಎಂಬ ಊರಿನಿಂದ ಸೊಸೆಯಾಗಿ ಬಂದ ಮೊದಲ ವಾರವೇ ಅಡುಗೆಮನೆಯಲ್ಲಿ ನನ್ನ ಬಕೆಟ್ಟಿನ ನೀರಿನಲ್ಲಿ ಏನೋ ಕೆಂಪು ತುದಿ ತೇಲುತ್ತಿತ್ತು. ಎತ್ತಿ ಎಸೆಯಲು ಹೋದೆ.

"ಮುಟ್ಟಬ್ಯಾಡ ರೂಪಾಲಿ," ಅಂದರು ಮಾವ. "ತೂಕಾ ನೋಡಾಕತ್ತೇನಿ. ತುದಿ ಅಷ್ಟ ಮ್ಯಾಲ ನಿಲ್ಲಬೇಕ."

ಅವರ ಬೆಂಡಿಗೆ ಅಂಗಡಿಯ ಸಾಮಾನು ಬೇಕಿಲ್ಲ, ನನ್ನ ಮನೆಯ ಸಾಮಾನು ಬೇಕು. ಒಣಗಿದ ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬಿಳಿಯ ಬೆಂಡು. ಅದನ್ನು ಬೆರಳುದ್ದ ಕತ್ತರಿಸಿ, ನಡುವೆ ನನ್ನ ಕಸಬರಿಗೆಯ ಕಡ್ಡಿ ಚುಚ್ಚಬೇಕು. ನೀರು ಹೀರದಂತೆ ನನ್ನ ಮೇಣಬತ್ತಿ ಕರಗಿಸಿ ಹಚ್ಚಬೇಕು. ಕಡ್ಡಿಯ ಮೇಲೂ ಕೆಳಗೂ ಸೈಕಲ್ಲಿನ ವಾಲ್‌ಟ್ಯೂಬಿನ ರಬ್ಬರ್ ಚೂರು ಹಾಕಿದರೆ ದಾರ ಅದರಡಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ನೀರಿನ ಆಳಕ್ಕೆ ತಕ್ಕಂತೆ ಬೆಂಡನ್ನು ಮೇಲೆ ಕೆಳಗೆ ಸರಿಸಬಹುದು. ಕಡೆಗೆ ತುದಿಗೆ ಕೆಂಪು. ಅದು ಮೊದಲು ನನ್ನ ನೇಲ್‌ಪಾಲಿಶ್, ಈಗ ನನ್ನ ಮಗಳು ಸಾಯಲಿಯದು. ನಮ್ಮ ಮನೆಯ ಕಸಬರಿಗೆ ವರ್ಷ ತುಂಬುವ ಮುಂಚೆಯೇ ಬೋಳಾಗುತ್ತದೆ. ಕೇಳಿದರೆ ನಾನು ಜಗಳಗಂಟಿ.

ಈ ಬೆಂಡುಗಳೆಲ್ಲ ತಾತೋಬಾನಿಗೆ. ತಾತೋಬಾ ಮಾವನ ಶಾಲೆಯ ಗೆಳೆಯ, ಇಚಲಕರಂಜಿಯ ಪವರ್‌ಲೂಮಿನಲ್ಲಿ ಮೂವತ್ತು ವರ್ಷ ಮಗ್ಗ ರಿಪೇರಿಯ ಜಾಬರ್ ಆಗಿದ್ದವನು. ಮಗ್ಗ ಕೆಟ್ಟರೆ ಸದ್ದಿನ ಮೇಲೆಯೇ ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದನಂತೆ. ಬಿದಿರು ಅವನದು, ನೂಲು ಸುತ್ತುವ ಹಳೆಯ ಕಾಂಡಿಗೆ ಸುತ್ತಿದ ನೈಲಾನ್ ದಾರ ಅವನದು, ಭಾರಕ್ಕೆ ಮಗ್ಗದ ಸವೆದ ನಟ್ಟು ಅವನದು. ಗಾಳವೂ ಅವನದೇ. ಗಾಳವನ್ನು ಮಾವ ಮುಟ್ಟುವುದಿಲ್ಲ. ಪ್ರತಿ ಭಾನುವಾರ ದೂಧಗಂಗೆಯ ದಂಡೆಯಲ್ಲಿ ಇಬ್ಬರೂ ಒಂದೇ ಕಲ್ಲಿನ ಮೇಲೆ ಕೂರುತ್ತಾರೆ. ತಾತೋಬಾ ಗಾಳ ಹಾಕುತ್ತಾನೆ. ಮಾವ ಪಕ್ಕದಲ್ಲಿ ತಮ್ಮದೇ ಬಿದಿರು, ದಾರ, ಬೆಂಡು, ತುದಿಯಲ್ಲಿ ಬರೀ ಕಣಕದ ಉಂಡೆ ಇಳಿಬಿಡುತ್ತಾರೆ. ಗಾಳವಿಲ್ಲ. ಮೀನು ಬಂದು ತಿಂದು ಹೋಗುತ್ತದೆ, ಬೆಂಡು ಕುಣಿಯುತ್ತದೆ, ಮಾವ ಖುಷಿಪಡುತ್ತಾರೆ.

"ನಿಮ್ಮ ಮಾವ ಹೊಳ್ಯಾಗ ಅನ್ನಛತ್ರಾ ಇಟ್ಟಾನ," ಎಂದು ತಾತೋಬಾ ನನ್ನ ಬಳಿ ದೂರುತ್ತಿದ್ದ. "ಹೊಟ್ಟಿ ತುಂಬಿದ ಮೀನ ನನ್ನ ಗಾಳಾ ಯಾಕ ಮೂಸಿ ನೋಡತಾವು?"

ಒಮ್ಮೆ ಮಾತ್ರ ಇಬ್ಬರ ನಡುವೆ ಕೆಟ್ಟಿತು. ನವಿಲುಗರಿಯ ದಂಟಿನಿಂದ ಬೆಂಡು ಬಹಳ ಚೆನ್ನಾಗಿ ಆಗುತ್ತದೆ, ನಿಮ್ಮ ಹೊಲದಲ್ಲಿ ಉದುರಿದ್ದನ್ನು ಕೊಡು ಎಂದು ತಾತೋಬಾ ಕೇಳಿದ. ನಮ್ಮಲ್ಲಿ ಉದುರಿದ ನವಿಲುಗರಿ ಮುನಿಗಳ ಪಿಂಛಿಗೆ ಹೋಗುತ್ತದೆ; ಕೂರುವ ಜಾಗದ ಇರುವೆಯನ್ನು ನೋಯಿಸದೆ ಸರಿಸಲು ಅವರು ಹಿಡಿಯುವ ಕುಂಚ ಅದು. ಮಾವ ಎರಡು ಭಾನುವಾರ ಕಲ್ಲಿನ ಆ ತುದಿಗೆ ಕೂತರು. ಮೂರನೆಯ ಭಾನುವಾರ ತಾವೇ ಈ ತುದಿಗೆ ಬಂದರು.

ಎರಡು ವರ್ಷದ ಹಿಂದೆ ತಾತೋಬಾನ ಕಣ್ಣು ಹೋಗತೊಡಗಿತು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನೇ ತಿಂದಿದೆ, ಹೋದದ್ದು ಬರುವುದಿಲ್ಲ ಎಂದು ಕೊಲ್ಹಾಪುರದ ಡಾಕ್ಟರು ಹೇಳಿದರು. ಮನುಷ್ಯರ ಆಕಾರ ಕಾಣುತ್ತಿತ್ತು, ದಾರಿ ಕಾಣುತ್ತಿತ್ತು, ನೀರಿನ ಮೇಲಿನ ಬೆಂಡು ಕಾಣುತ್ತಿರಲಿಲ್ಲ. ಅವನ ಹೆಂಡತಿ ಚಂದ್ರಾಬಾಯಿ ಖಡಕ್ ಹೆಂಗಸು.

"ಕಣ್ಣ ಕಾಣದಾಂವ ಹೊಳಿ ದಂಡ್ಯಾಗ ಕುಂತ ಏನ ಮಾಡ್ತಾನ? ಒಂದಿನಾ ಕಾಲ ಜಾರಿ ಹೋದರ?" ಎಂದು ಅವಳು ಓಣಿಗೆಲ್ಲ ಕೇಳುವಂತೆ ಹೇಳಿದಳು. "ಮೀನ ಸಿಕ್ಕರ ಕಣ್ಣ ಅದಾವು ಅನ್ನೂಣು. ಬರೀಗೈಲೆ ಬರೂದ ಹಿಂಗ ನಡೀತಂದರ ಬಿದಿರ ಒಲಿಗೆ ಹಾಕತೇನಿ."

ಮಾವ ಪಟ್ಟುಹಿಡಿದು ಕೂತರು. ಹರಿದ ಸ್ಲಿಪ್ಪರಿನ ರಬ್ಬರಿನಿಂದ ನಿಂಬೆಹಣ್ಣಿನಷ್ಟು ದಪ್ಪ ಬೆಂಡು ಮಾಡಿದರು. ಅದು ತಾತೋಬಾನಿಗೆ ಕಾಣಲಿಲ್ಲ, ಮೀನುಗಳಿಗೆ ಚೆನ್ನಾಗಿ ಕಂಡಿತು. ಬಿದಿರಿನ ತುದಿಗೆ ಗೆಜ್ಜೆ ಕಟ್ಟಿದರು. ಗಾಳಿಗೆ ಅದು ಇಡೀ ಮಧ್ಯಾಹ್ನ ಘಲ್ ಘಲ್ ಎಂದಿತು, ತಾತೋಬಾ ಇಡೀ ಮಧ್ಯಾಹ್ನ ಎದ್ದೆದ್ದು ಜಗ್ಗಿದ. ಮೂರು ಭಾನುವಾರ ಬರಿಗೈ. ಪಕ್ಕದಲ್ಲೇ ಎರಡು ಒಳ್ಳೆಯ ಕಣ್ಣು ಕೂತಿದ್ದವು. ಬೆಂಡು ಮುಳುಗಿದಾಗ ಹೇಳು ಎಂದು ತಾತೋಬಾ ಒಮ್ಮೆಯೂ ಕೇಳಲಿಲ್ಲ. ಮಾವನನ್ನು ಒಳಗೊಳಗೇ ಕೊಂದದ್ದು ಅದೇ.

ಮೂರನೆಯ ಭಾನುವಾರದ ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಮಾವ ಕೇಳಿದರು: "ರೂಪಾಲಿ, ಬೆಂಡ ಮುಳಗೇತಿ ಅಂತ ಬರೇ ನೋಡಿ ಹೇಳಿದರ ಅದೂ ಪಾಪನ?"

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಹೀರಾಬಾಯಿಯ ಉತ್ತರ ಬಂತು. "ಮಾಡೂದು, ಮಾಡಸೂದು, ಮಾಡಿದ್ದಕ್ಕ ಹೂಂ ಅನ್ನೂದು, ಮೂರೂ ಒಂದ. ಅರವತ್ತೆಂಟ ವರ್ಷ ಬಸದಿಗೆ ಹೋಗೀರಿ, ಇದನ್ನ ಸೊಸೀನ ಕೇಳತೀರಿ?"

ಮಾವ ಕಪ್ಪನ್ನು ಕೆಳಗಿಟ್ಟರು. ಮುಂದಿನ ಭಾನುವಾರ, ದೀಪಾವಳಿ ಕಳೆದ ವಾರ, ನಾನು ಹೊಳೆಯ ಬದಿಯ ಹೊಲದಲ್ಲಿ ಮೇವು ಕೊಯ್ಯುತ್ತಿದ್ದಾಗ ಅವರ ದನಿ ಕೇಳಿತು.

"ಜಗ್ಗ!"

ಕಬ್ಬಿನ ಸಂದಿಯಿಂದ ನೋಡಿದೆ. ತಾತೋಬಾ ಬಿದಿರು ಎತ್ತಿದ್ದ, ದಾರದ ತುದಿಯಲ್ಲಿ ಅಂಗೈಯಷ್ಟು ಚಿಲಾಪಿ ಮೀನು ಒದ್ದಾಡುತ್ತಿತ್ತು. ಮಾವ ಹೊಳೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಕಬ್ಬಿಗೆ ಮುಖ ಕೊಟ್ಟು ಣಮೋಕಾರ ಮಂತ್ರ ಹೇಳುತ್ತಿದ್ದರು. ಮಂತ್ರ ನಡುನಡುವೆ ತಪ್ಪುತ್ತಿತ್ತು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

ಅಂದಿನಿಂದ ಮಾವ ಪ್ರಾಯಶ್ಚಿತ್ತಕ್ಕೆಂಬಂತೆ ಬೆಲ್ಲ, ಸಕ್ಕರೆ ಎರಡೂ ಬಿಟ್ಟರು. ಸುತ್ತ ಹರದಾರಿಗಟ್ಟಲೆ ಕಬ್ಬು, ಮನೆಯಲ್ಲಿ ಡಬ್ಬಿ ಡಬ್ಬಿ ಬೆಲ್ಲ, ಮಾವನ ಚಹಾ ಸಪ್ಪೆ. ಯಾಕೆ ಎಂದು ಅತ್ತೆ ಕೇಳಲಿಲ್ಲ. ಗೊತ್ತಿದ್ದವರು ಕೇಳುವುದಿಲ್ಲ. ಭಾನುವಾರ ಭಾನುವಾರ ಹೊಳೆಯ ಕಡೆಯಿಂದ "ಜಗ್ಗ" ಎಂಬ ದನಿ ಬರುತ್ತಿತ್ತು, ಆಮೇಲೆ ಮಂತ್ರ. ತಾತೋಬಾ ಸಂಜೆ ಒದ್ದೆ ಚೀಲ ಹಿಡಿದು, ಎದೆ ಮುಂದೆ ಮಾಡಿ ಮನೆಗೆ ಹೋಗುತ್ತಿದ್ದ. ಬಿದಿರು ಒಲೆಗೆ ಹೋಗಲಿಲ್ಲ.

ಒಂದು ದಿನ ಹಿಟ್ಟಿನ ಗಿರಣಿಯಲ್ಲಿ ಚಂದ್ರಾಬಾಯಿ ಸಿಕ್ಕಳು.

"ನಮ್ಮವರಿಗೆ ಕಣ್ಣ ಹೋದ ಮ್ಯಾಲ ಭಾರಿ ಭಾರಿ ಮೀನ ಸಿಗಾಕತ್ತಾವ್ರಿ," ಅಂದಳು. "ಹೋದ ವಾರ ತಂದದ್ದರ ಹೊಟ್ಟಿ ಅಗದಿ ಸ್ವಚ್ಛ. ಕರಳನೂ ಇಲ್ಲ, ಮೈಮ್ಯಾಗಿನ ಹುರಪಿನೂ ಇಲ್ಲ. ಕಿವಿರಿನ್ಯಾಗ ಒಂದ ಚೂರ ಬರ್ಫ ಇತ್ತ."

"ನೀವ ಏನಂದ್ರಿ?"

"ಏನ ಅನ್ನಲಿ? ಹೊಳಿ ನೀರ ಭಾಳ ಥಂಡ ಆಗೇತಿ ಅಂದೆ." ಅವಳು ಹಿಟ್ಟಿನ ಡಬ್ಬಿ ತಲೆಗೇರಿಸಿ ಹೋದಳು.

ಮಾರ್ಕೆಟ್ಟಿನ ಮೀನು ಎಂದು ನನಗೂ ಹೊಳೆಯಿತು. ತಾತೋಬಾನ ಮಗ ಹರ್ಷದ್ ಇಚಲಕರಂಜಿಗೆ ರಿಕ್ಷಾ ಓಡಿಸುತ್ತಾನೆ. ಒಂದೆರಡು ಮೀನು ತಪ್ಪಿಸಿಕೊಂಡು ಹೋಗಿರಬೇಕು, ಮಾನ ಉಳಿಸಿಕೊಳ್ಳಲು ತರಿಸಿದ್ದಾನೆ ಎಂದುಕೊಂಡು ಸುಮ್ಮನಾದೆ. ನನ್ನ ಬುದ್ಧಿ ಅಷ್ಟಕ್ಕೇ ನಿಂತಿತು.

ಈ ಭಾದ್ರಪದದಲ್ಲಿ ಪರ್ಯುಷಣದ ಹತ್ತು ದಿನವೂ ಮಾವ ಹೊಳೆಯ ಕಡೆ ತಲೆ ಹಾಕಲಿಲ್ಲ. ಪರ್ವ ಮುಗಿದ ಮೇಲೆ ಬರುವ ಕ್ಷಮಾವಾಣಿಯ ದಿನ ನಮ್ಮಲ್ಲಿ ಎಲ್ಲರೂ ಎಲ್ಲರ ಬಳಿ ಕ್ಷಮೆ ಕೇಳುತ್ತಾರೆ. ಗೊತ್ತಿದ್ದೋ ಗೊತ್ತಿಲ್ಲದೆಯೋ ಮಾಡಿದ ತಪ್ಪಿಗೆ, ಮನುಷ್ಯರಲ್ಲೂ ಸಕಲ ಜೀವಗಳಲ್ಲೂ. ಮಾವ ಮೊದಲು ಅತ್ತೆಯ ಮುಂದೆ ಕೈ ಮುಗಿದರು. ನನ್ನ ಮುಂದೆಯೂ ಮುಗಿದರು, ಕಸಬರಿಗೆಯ ಹೆಸರನ್ನೂ ತೆಗೆದರು. ಅಂದು ಭಾನುವಾರ, ಆಮೇಲೆ ಹೊಳೆಗೆ ಹೋದರು.

ಸಂಜೆ ಐದೂವರೆ ಆದರೂ ಬರಲಿಲ್ಲ. ಹೊತ್ತು ಮುಳುಗಿದರೆ ಊಟವಿಲ್ಲ, ಕರೆತಾ ಎಂದು ಅತ್ತೆ ನನ್ನನ್ನು ಅಟ್ಟಿದರು. ನಾನು ಹೋಗುವಷ್ಟರಲ್ಲಿ ಮಾವ ಮೊಣಕಾಲುದ್ದ ನೀರಿನಲ್ಲಿ ಕೈ ಮುಗಿದು ನಿಂತಿದ್ದರು. ತಾತೋಬಾ ಕಲ್ಲಿನ ಮೇಲೆ ದಾರ ಬಿಟ್ಟುಕೊಂಡು ಕೂತಿದ್ದ.

"ಮೂವತ್ತೆಂಟ ಜೀವಾ," ಎಂದು ಮಾವ ನೀರಿಗೆ ಹೇಳುತ್ತಿದ್ದರು. "ಒಂದೊಂದೂ ನೆನಪೈತಿ. ನಾನ ಹೇಳೇನಿ, ನಾನ ಕೊಂದೇನಿ. ಕ್ಷಮಾ ಮಾಡ್ರಿ."

ತಾತೋಬಾ ದಾರವನ್ನು ಎಳೆದು ಕಾಂಡಿಗೆ ಸುತ್ತಿ, ತುದಿಯನ್ನು ಹಿಡಿದು ಮುಂದೆ ಚಾಚಿದ.

"ಬಾಳೂ, ಇಲ್ಲಿ ಬಾ. ಇದನ್ನ ಮುಟ್ಟ."

"ಗಾಳಾ ನಾ ಮುಟ್ಟೂದಿಲ್ಲ, ನಿನಗ ಗೊತ್ತೈತಿ."

"ಮುಟ್ಟ ಅಂದೆ."

ಮಾವ ಮುಟ್ಟಿದರು. ತುದಿಯಲ್ಲಿ ಒಂದು ಗಂಟು, ಗಂಟಿಗೆ ಅಂಟಿದ ಕಣಕ. ಗಾಳ ಇರಲಿಲ್ಲ.

"ಯಾವಾಗಿಂದ?" ಅಂದರು ಮಾವ.

"ಮೊದಲನೇ ಸಲಾ ಜಗ್ಗ ಅಂದ್ಯಲ್ಲ, ಆವತ್ತಿನಿಂದ. ಣಮೋಕಾರ ಎರಡ ಸಲಾ ತಪ್ಪಿ ಹೇಳಿದಿ. ಮೂವತ್ತ ವರ್ಷ ಮಗ್ಗದ ಸದ್ದ ಕೇಳಿದಾಂವ ನಾ, ಎಲ್ಲಿ ಕೆಟ್ಟೈತಿ ಅಂತ ತಿಳೂದಿಲ್ಲೇನು? ಆ ಒಂದ ಮೀನನೂ ಬಿಟ್ಟಬಿಟ್ಟೆ, ಮನಿಗೆ ಹೋಗಿ ಗಾಳಾ ಕತ್ತರಿಸಿದೆ. ನೀ ಆ ಕಡೆ ತಿರಗಿರತಿದ್ದಿ. ನಾ ಬಕೆಟ್ಟಿನ್ಯಾಗ ಹಸೇ ಚಪ್ಪಲಿ ಬಡೀತಿದ್ದೆ, ಮೀನ ಒದ್ದಾಡಿದಂಗ."

ಬಕೆಟ್ಟಿನಲ್ಲಿ ನೋಡಿದೆ. ಒಂದು ಕಾಲಿನ ಸ್ಲಿಪ್ಪರು ಇತ್ತು, ಪಕ್ಕದ ಚೀಲದಲ್ಲಿ ಮಾರ್ಕೆಟ್ಟಿನ ಮೀನು.

ಮಾವ ದಂಡೆ ಹತ್ತಿ ಕಲ್ಲಿನ ಮೇಲೆ ಕೂತರು. ಧೋತರದಿಂದ ನೀರು ಸುರಿಯುತ್ತಿತ್ತು. ಇನ್ನೇನು ಅಳುತ್ತಾರೆ ಎಂದುಕೊಂಡೆ, ನನಗಂತೂ ಅಳು ಬಂದಿತ್ತು.

"ಹತ್ತ ತಿಂಗಳಾತೋ ಹಲ್ಕಟ್!" ಎಂದು ಮಾವ ಕೂಗಿದರು. "ಹತ್ತ ತಿಂಗಳಿಂದ ಸಪ್ಪನ ಚಹಾ ಕುಡ್ಯಾಕತ್ತೇನಿ!"

"ನಾ ಬಿಡ ಅಂದಿದ್ನೇನು? ಒಂದ ಮಾತ ಹೇಳಬಾರದಾಗಿತ್ತ?"

"ನೀ ಹೇಳಬಾರದಾಗಿತ್ತ?"

"ಹೇಳಿದ್ದರ ನೀ ಜಗ್ಗ ಅಂತಿರಲಿಲ್ಲ. ನೀ ಅನ್ನಲಿಲ್ಲಂದರ ನಂಗ ಇಲ್ಲಿ ಏನೈತಿ, ಬರೀ ಕತ್ತಲಿ."

ಮಾವ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ದಾರದ ತುದಿಗೆ ತಾವೇ ಹೊಸ ಕಣಕದ ಉಂಡೆ ಮೆತ್ತಿದರು. ಬೆಂಡನ್ನು ಒಂದು ಗೇಣು ಮೇಲೆ ಸರಿಸಿದರು, ಹೊಳೆ ತುಂಬಿತ್ತು. ದಾರವನ್ನು ನೀರಿಗೆ ಬಿಟ್ಟು ಬಿದಿರನ್ನು ತಾತೋಬಾನ ಕೈಗೆ ಕೊಟ್ಟರು.

"ಮಾವಾರ, ಹೊತ್ತ ಮುಳಗತೈತ್ರಿ, ಊಟಾ," ಅಂದೆ.

"ಸುಮ್ಮಕಿರ," ಅಂದರು.

ನಾನೂ ಕೂತೆ. ಹೊತ್ತು ಮುಳುಗಿತು, ಆವತ್ತು ನಮ್ಮಿಬ್ಬರಿಗೂ ಊಟವಿಲ್ಲ, ಬೆಲ್ಲದ ಚಹಾ ಬೆಳಗಿನವರೆಗೆ ಕಾಯಬೇಕು. ಸಾಯಲಿಯ ನೇಲ್‌ಪಾಲಿಶಿನ ತುದಿ ಮಾತ್ರ ಇನ್ನೂ ಕಾಣುತ್ತಿತ್ತು. ಅದು ಒಮ್ಮೆ ಅದುರಿತು, ಮತ್ತೊಮ್ಮೆ ಅದುರಿ ಮುಳುಗಿತು. ಮಾವ ಈ ಸಲ ಬೆನ್ನು ತಿರುಗಿಸಲಿಲ್ಲ.

"ಜಗ್ಗ, ತಾತ್ಯಾ," ಅಂದರು.

ತಾತೋಬಾ ಜಗ್ಗಿದ.