ಗಲ್ಲಾದಿಂದ ಎದ್ದ ಗಿರಿಜಕ್ಕ

ಎಣ್ಣೆಯಲ್ಲಿ ಕೊತ್ತಂಬರಿ ಹುರಿಯುವ ವಾಸನೆ ಎಲ್ಲಿಂದಲಾದರೂ ಬಂದರೆ ಸಾಕು, ಮುಂಬಯಿಯ ಅಂಧೇರಿ ಸ್ಟೇಷನ್ ಪಕ್ಕದ ನಮ್ಮ ಹೋಟೆಲು, ಅದರ ಬೆನ್ನಿಗೆ ಅಂಟಿಕೊಂಡಿದ್ದ ಮನೆ, ಎರಡರ ನಡುವೆ ಯಾವಾಗಲೂ ತೆರೆದೇ ಇರುತ್ತಿದ್ದ ಬಾಗಿಲು ಕಣ್ಣೆದುರು ಬರುತ್ತವೆ. ಐವತ್ತರ ದಶಕದ ಮಾತು. ಬೆಳಗಿನ ಲೋಕಲ್ ಹಿಡಿಯುವವರು ನಮ್ಮಲ್ಲಿ ಇಡ್ಲಿ ತಿಂದು, ಬಾಯಿ ಒರೆಸಿಕೊಳ್ಳುತ್ತ ಓಡುತ್ತಿದ್ದರು. ಉಡುಪಿ ಕಡೆಯಿಂದ ಬರಿಗೈಯಲ್ಲಿ ಬಂದ ಅಪ್ಪ ಆ ಹೋಟೆಲನ್ನು ಕಟ್ಟಿದ್ದರು. ಸಾಂಬಾರಿನ ಪುಡಿಯನ್ನು ಅಮ್ಮ ಮನೆಯಲ್ಲೇ ಹುರಿದು ಕುಟ್ಟಿ ಕಳಿಸುತ್ತಿದ್ದಳು. ಆ ವಾಸನೆಯಲ್ಲೇ ಎದ್ದು, ಆ ವಾಸನೆಯಲ್ಲೇ ಪಾಠ ಓದಿ ಬೆಳೆದವಳು ನಾನು.

ನಾನಿನ್ನೂ ಚಿಕ್ಕವಳಿದ್ದಾಗ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ಹೋಟೆಲಿನ ಕಥೆ ಮುಗಿಯಿತೆಂದು ಎಲ್ಲರೂ ಅಂದುಕೊಂಡಾಗ, ಆಗಷ್ಟೇ ಮೆಟ್ರಿಕ್ ಮುಗಿಸಿದ್ದ ನನ್ನ ಗಿರಿಜಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಗಲ್ಲಾದಲ್ಲಿ ಕೂತಳು. ಗಿರಾಕಿಗಳು ಮೊದಮೊದಲು ನಕ್ಕರು, ಆಮೇಲೆ ಒಗ್ಗಿಕೊಂಡರು. ಮುನಿಸಿಕೊಂಡು ಊರಿಗೆ ಹೊರಟಿದ್ದ ಅಡಿಗೆ ಭಟ್ಟರನ್ನು ಅವಳೇ ಸ್ಟೇಷನ್ನಿಗೆ ಹೋಗಿ ಒಲಿಸಿ ಕರೆತಂದಳು. ಸಂಜೆ ಹೊತ್ತು ಬಿಸಿ ಬಟಾಟೆ ವಡೆ ಶುರುಮಾಡಿದಳು. ಕೆಲವೇ ವರ್ಷಗಳಲ್ಲಿ ಪಕ್ಕದ ಮಳಿಗೆಯೂ ನಮ್ಮದಾಯಿತು. ಮಲಗಿದಲ್ಲಿಂದಲೇ ಅಪ್ಪ ಅವಳ ದನಿಗೆ ಕಿವಿಗೊಟ್ಟಿರುತ್ತಿದ್ದರು.

ಆಗ ಊರಿನಿಂದ ಅಪ್ಪನ ಅಕ್ಕ, ನಮ್ಮ ಅತ್ತೆ, ಮಗ ಸಂಜೀವ ಭಾವನ ಜೊತೆ ಹಡಗು ಹತ್ತಿ ಬಂದರು. ನಮ್ಮದು ಅಳಿಯಸಂತಾನದ ಮನೆ. ಗಂಡಸಿನ ಆಸ್ತಿ ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಕಾನೂನು ಬದಲಾಗಿದೆಯೆಂದು ವಕೀಲ ಗಿರಾಕಿಯೊಬ್ಬರು ಹೇಳಿದ್ದರು. ನಮ್ಮ ಮನೆಯೊಳಗೆ ಏನೂ ಬದಲಾಗಿರಲಿಲ್ಲ. ಅತ್ತೆ ಜಗಳವಾಡಲಿಲ್ಲ. ಹಾಸಿಗೆಯ ಪಕ್ಕ ಕೂತು, ತಮ್ಮನ ಬಿದ್ದ ಕೈಗೆ ಎಣ್ಣೆ ತಿಕ್ಕುತ್ತ, ಹೆಣ್ಣುಮಗಳು ಬೀದಿಗೆ ಮುಖಮಾಡಿ ಕೂರುವುದನ್ನು ಊರಿನಲ್ಲಿ ಜನ ಹೇಗೆ ಆಡಿಕೊಳ್ಳುತ್ತಾರೆ ಎಂದು ದಿನವೂ ಹೇಳಿದರು. ಅಮ್ಮ ಒಲೆಯ ಮುಂದಿನಿಂದ ಏಳಲೇ ಇಲ್ಲ.

ಒಂದು ಮಧ್ಯಾಹ್ನ ಅಕ್ಕ ಬಂದು ಅಪ್ಪನ ಎದುರು ನಿಂತಳು.

"ನೀವೇ ಹೇಳಿ ಅಪ್ಪ. ನಾಳೆ ನಾನು ಕೂರುವುದೋ ಬೇಡವೋ?"

ಅಪ್ಪ ಗೋಡೆಯ ಕಡೆ ತಿರುಗಿ, "ಸಂಜೀವ ಕೂರಲಿ" ಎಂದರು. ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿ ಎಷ್ಟೋ ಕಾಲವಾಗಿತ್ತು. ಅಕ್ಕ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ಹಾಸಿಗೆಯ ಮೇಲಿಟ್ಟಳು.

ಸಂಜೀವ ಭಾವ ಕೆಟ್ಟವನಲ್ಲ. ಊರಿನಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು, ತಾಯಿಯ ಮಾತಿಗೆ ಕಟ್ಟುಬಿದ್ದು ಬಂದ ಬೇಸಾಯದ ಮನುಷ್ಯ. ಹೋಟೆಲಿನ ಗದ್ದಲಕ್ಕೆ ಬೆಚ್ಚುತ್ತಿದ್ದ. ಮಳೆಗಾಲ ಬರುವಷ್ಟರಲ್ಲಿ ಭಟ್ಟರು ಬಿಟ್ಟು ಹೋದರು, ಗಿರಾಕಿಗಳು ಎದುರಿನ ಹೋಟೆಲಿಗೆ ಸರಿದರು. ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ತನ್ನಿಂದಾಗದು, ನೀನೇ ಬಂದು ಕೂರು ಎಂದು ಬೇಡಿಕೊಂಡ. ಅಕ್ಕ ಅಕ್ಕಿ ಆರಿಸುತ್ತಿದ್ದಳು, ತಲೆಯೆತ್ತಲಿಲ್ಲ.

"ಕೂರಿಸುವವರೂ ನೀವೇ, ಏಳಿಸುವವರೂ ನೀವೇ. ಹಾಗಾದರೆ ನಾನು ಯಾರು ಭಾವ?"

ಮರುವರ್ಷ ಅವನು ನಷ್ಟ ತಾಳಲಾರದೆ, ಅಪ್ಪನ ಹೆಬ್ಬೆಟ್ಟು ಹಾಕಿಸಿಕೊಂಡು ಹೋಟೆಲನ್ನೂ ಅದಕ್ಕೆ ಸೇರಿದ ಮನೆಯನ್ನೂ ಬಟ್ಟೆ ವ್ಯಾಪಾರಿಯೊಬ್ಬನಿಗೆ ಮಾರಿ, ಅಳುತ್ತ ಊರಿಗೆ ಹೋದ. ನಾವು ಮಲಾಡಿನ ಚಾಳೊಂದರ ಒಂದೇ ಕೋಣೆಯ ಮನೆಗೆ ಬಂದೆವು. ಒಂದು ಸಂಜೆ ಅಪ್ಪ ಅಂಧೇರಿ ನೋಡಬೇಕೆಂದು ಹಟ ಹಿಡಿದರು. ಅಕ್ಕ ಅವರ ತೋಳು ಹಿಡಿದು, ನನ್ನನ್ನೂ ಕರೆದುಕೊಂಡು ಲೋಕಲ್ ಹತ್ತಿಸಿದಳು. ಒಲೆಗಳಿದ್ದ ಜಾಗದಲ್ಲಿ ಸೀರೆಯ ಅಟ್ಟಿಗಳಿದ್ದವು. ಅಪ್ಪ ಬಹಳ ಹೊತ್ತು ನೋಡಿ, "ಯಾರದ್ದು ಈ ಅಂಗಡಿ?" ಎಂದು ಕೇಳಿದರು. ನಿಜವಾಗಿ ಮರೆತಿದ್ದರೋ, ಮರೆತಂತೆ ಮಾಡಿದರೋ ನನಗೆ ಇಂದಿಗೂ ತಿಳಿಯದು. ಅಕ್ಕ ಅವರ ಶಾಲು ಸರಿಮಾಡಿದಳು. ಆ ಚಳಿಗಾಲ ಕಳೆಯುವ ಮುಂಚೆ ಅಪ್ಪ ತೀರಿಕೊಂಡರು.

ಮುಚ್ಚಿದ ಮನೆಗಳ ನೆನಪು ನಿಮ್ಮಲ್ಲೂ ಇದ್ದೀತು. ಹೇಳಿಕೊಂಡು ಹಗುರಾಗಿದ್ದೀರೋ ಇಲ್ಲವೋ. ಅಕ್ಕ ಮದುವೆಯಾಗಲಿಲ್ಲ. ಹೊಲಿಗೆ ಹಾಕಿ ನನ್ನನ್ನು ಓದಿಸಿದಳು. ಅಪ್ಪನನ್ನಾಗಲಿ, ಅತ್ತೆಯನ್ನಾಗಲಿ ಅವಳು ದೂರಿದ್ದನ್ನು ನಾನು ಕೇಳಲಿಲ್ಲ. ಒಮ್ಮೆಯಾದರೂ ದೂರಿದ್ದರೆ, ನಾವಿಬ್ಬರೂ ಜೊತೆಗೆ ಕೂತು ಅಳಬಹುದಿತ್ತು.