ಹಸಿರಾಗಿಬಿಟ್ಟ ಸಾಲು

ನಮ್ಮ ಕುಂದಾಪ್ರದ ಮಾತಿನಲ್ಲಿ ‘ಇತ್ತ್’ ಎಂದರೆ ಈಗಲೂ ಇದೆ ಎಂದರ್ಥ. ಇದು ಗೊತ್ತಿಲ್ಲದೆ ನಮ್ಮ ಆಸ್ಪತ್ರೆಯ ಡಾಕ್ಟರು ಬಂದ ಹೊಸತರಲ್ಲಿ ಬಹಳ ತಲೆ ಕೆಡಿಸಿಕೊಂಡಿದ್ದರು. ಅವರು ಮೈಸೂರು ಕಡೆಯವರು. "ನೋವಿದೆಯಾ?" ಎಂದು ಕೇಳಿದರೆ ಹೆಂಗಸರು "ಇತ್ತ್" ಎನ್ನುತ್ತಿದ್ದರು; ಇವರು ಮೊದಲು ಇತ್ತು, ಈಗ ಹೋಗಿದೆ ಎಂದು ಬರೆದುಕೊಳ್ಳುತ್ತಿದ್ದರು. ಹೊಟ್ಟೆ ಹಿಡಿದುಕೊಂಡು ಬಂದವಳು ಹೊಟ್ಟೆ ಹಿಡಿದುಕೊಂಡೇ ಹೋಗುವುದನ್ನು ನೋಡಲಾರದೆ ಒಂದು ದಿನ ನಾನೇ ಒಳಗೆ ಹೋಗಿ ಹೇಳಿದೆ. ಅವರು ನಕ್ಕರು. ನಾನು ಅವರಿಗಿಂತ ಜೋರಾಗಿ ನಕ್ಕೆ. ಇಂಥ ತಪ್ಪು ಹೊರಗಿನವರಿಗೆ ಮಾತ್ರ ಆಗುವಂಥದ್ದು ಎಂದು ಆಗ ನನಗೆ ಖಾತ್ರಿಯಿತ್ತು.

ನಾನಿರುವುದು ಕೋಟದಲ್ಲಿ, ಕೆಲಸ ಬ್ರಹ್ಮಾವರದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ, ಗುಮಾಸ್ತಿಕೆ. ನಮ್ಮಲ್ಲಿ ತಿಂಗಳಿಗೊಮ್ಮೆ ಹೆಂಗಸರಿಗಾಗಿ ಶಿಬಿರ ಮಾಡುತ್ತಾರೆ, ಒಮ್ಮೆ ಕುಂದಾಪುರ, ಒಮ್ಮೆ ಬೈಂದೂರು, ಒಮ್ಮೆ ಬ್ರಹ್ಮಾವರ, ಹೀಗೆ ಏಳು ಊರುಗಳಿಗೆ ಸರದಿ. ಎದೆಯಲ್ಲೋ ಕುತ್ತಿಗೆಯಲ್ಲೋ ಗಂಟು ಸಿಕ್ಕರೆ ಡಾಕ್ಟರು ಸೂಜಿ ಹಾಕಿ ಚೂರು ತೆಗೆದು ಪಟ್ಟಣದ ಲ್ಯಾಬಿಗೆ ಕಳಿಸುತ್ತಾರೆ. ವರದಿ ಬರಲು ಎರಡು ವಾರ ಬೇಕು. ಯಾರ ವರದಿ ಬಂತು, ಯಾರದ್ದು ಬರಬೇಕು ಎಂಬ ಪಟ್ಟಿ ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಆ ಪಟ್ಟಿ ಮೊದಲು ಬರೀ ಬಿಳಿ. ಕಂಪ್ಯೂಟರಿನ ಪರದೆಯ ಎಡತುದಿಯಲ್ಲಿ ಹೆಸರು, ಬಲತುದಿಯಲ್ಲಿ ವರದಿಯ ಖಾನೆ. ಕಣ್ಣು ಎಡದಿಂದ ಬಲಕ್ಕೆ ಹೋಗುವಷ್ಟರಲ್ಲಿ ಒಂದು ಸಾಲು ಕೆಳಗೆ ಜಾರಿರುತ್ತಿತ್ತು. ಡಾಕ್ಟರು ಎರಡು ಸಲ ಒಬ್ಬರ ಹೆಸರಿಗೆ ಇನ್ನೊಬ್ಬರ ಸಂಗತಿ ಓದಿಬಿಟ್ಟರು. ಖಾನೆಗೆ ಮಾತ್ರ ಬಣ್ಣ ಬರುವಂತೆ ಮಾಡಿದೆ, ಅದೂ ಸಾಲದಾಯಿತು. ಇಡೀ ಸಾಲೇ ತಾನಾಗಿ ಬಣ್ಣ ಹಾಕಿಕೊಳ್ಳಬೇಕು ಎಂದು ಹಟ ಬಂತು ನನಗೆ. ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು, ಹಿಂದಿಯಲ್ಲಿ ಗಡಗಡ ಮಾತಾಡುವ ಯಾರದೋ ವಿಡಿಯೋ ನೋಡಿ ನೋಡಿ ಕಲಿತೆ. ಗುಟ್ಟೆಲ್ಲ ಒಂದು ಡಾಲರ್ ಚಿಹ್ನೆಯಲ್ಲಿದೆ. ವರದಿಯ ಕಾಲಂ ‘ಎಫ್’ ಆದರೆ, ಸೂತ್ರದಲ್ಲಿ ಆ ಎಫ್‌ಗೆ ಮೊದಲು ಒಂದು ಡಾಲರ್ ಹಾಕಬೇಕು. ಸಾಲಿನ ಸಂಖ್ಯೆಗೆ ಹಾಕಬಾರದು. ಡಾಲರ್ ಇಲ್ಲದಿದ್ದರೆ ಹೆಸರು, ಊರು, ಫೋನ್ ನಂಬರು ಒಂದೊಂದೂ ಒಂದೊಂದು ದಿಕ್ಕು ನೋಡುತ್ತದೆ. ಡಾಲರ್ ಬಿತ್ತೋ, ಸಾಲಿನ ಅಷ್ಟೂ ಖಾನೆಗಳು ಆ ಒಂದೇ ಖಾನೆಯ ಮುಖ ನೋಡಿ ಬಣ್ಣ ಬದಲಿಸುತ್ತವೆ. ಮೊದಲ ಸಲ ಒಂದು ಸಾಲು ಉದ್ದಕ್ಕೂ ಹಸಿರಾದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.

ಆದರೆ ಅಕ್ಷರ ಒಂದು ತಪ್ಪಿದರೂ ಬಣ್ಣ ಬರುವುದಿಲ್ಲ. ಆಶಾ ಕಾರ್ಯಕರ್ತೆಯರೂ ತಮ್ಮ ಫೋನಿನಲ್ಲಿ ಇದೇ ಪಟ್ಟಿ ತುಂಬುವವರು. ‘ಬರಬೇಕಿದೆ’ ಎಂಬುದನ್ನು ಅವರು ಬರಬೇಕು, ಬರ್ಬೇಕಿದೆ, ಬರಬೇಕಾಗಿದೆ ಎಂದು ಹೇಗೆಂದರೆ ಹಾಗೆ ಬರೆಯುತ್ತಿದ್ದರು. ಸಾಲು ಬೆಳ್ಳಗೇ ಇರುತ್ತಿತ್ತು. ನನಗೆ ಸಿಟ್ಟು ಬಂತು. ನಾವು ಆಡದ ಮಾತನ್ನು ಬರೆಯಿರಿ ಎಂದರೆ ಇನ್ನೇನಾದೀತು ಎಂದು, ನಮ್ಮ ಮಾತನ್ನೇ ಹಾಕಿದೆ. ವರದಿ ಇನ್ನು ಮುಂದೆ ಬರುತ್ತದೆ ಎಂದಾದರೆ ‘ಬತ್ತ್’, ಸಾಲು ಹಳದಿ. ವರದಿ ಬಂದು, ಡಾಕ್ಟರು ನೋಡಿ ಆಯಿತು ಎಂದಾದರೆ ‘ಬಂತ್’, ಸಾಲು ಹಸಿರು. ವರದಿಯಲ್ಲಿ ಏನಾದರೂ ತೊಂದರೆ ಕಂಡರೆ ಡಾಕ್ಟರೇ ಆ ಹೆಂಗಸಿಗೆ ಫೋನ್ ಮಾಡಿ ಕರೆಸುತ್ತಾರೆ. ಸಾಲು ಹಸಿರಾಗಿಯೂ ಫೋನ್ ಹೋಗದಿದ್ದರೆ ಹೆದರುವಂಥದ್ದು ಏನೂ ಇಲ್ಲ ಎಂದು ಲೆಕ್ಕ.

ಡಾಕ್ಟರು ಪರದೆಗೆ ಬಗ್ಗಿ ನೋಡಿ, "ಎರಡೂ ಒಂದೇ ಥರ ಕಾಣುತ್ತವಲ್ಲ" ಎಂದರು.

"ನಿಮ್ಗೆ ಕಾಂತ್ ಸಾರ್, ನಮ್ಗೆ ಕಾಣುದಿಲ್ಲೆ" ಎಂದೆ. ಅಷ್ಟು ಧಿಮಾಕು.

ಆ ವರ್ಷದ ಬೈಂದೂರಿನ ಶಿಬಿರಕ್ಕೆ ಕಿರಿಮಂಜೇಶ್ವರದಿಂದ ಒಬ್ಬ ಹೆಂಗಸು ಬಂದಿದ್ದರು. ಐವತ್ತರ ಆಸುಪಾಸು, ಗಂಡ ಇಲ್ಲ, ಒಬ್ಬಳೇ ಮಗಳು ಬೈಂದೂರಿನ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹಲಸಿನ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಕಡುಬಿಗೆ ಕೊಟ್ಟೆ ಕಟ್ಟಿ ಹೋಟೆಲುಗಳಿಗೆ ಕೊಡುವುದು ಇವರ ಕೆಲಸ. ಕೊಟ್ಟೆ ಕಟ್ಟುವಾಗ ಬಲಗೈ ಎಳೆಯುತ್ತದೆ ಎಂದು ಬಂದವರು. ಕಂಕುಳಿನ ಹತ್ತಿರ, ಎದೆಯ ಅಂಚಿಗೆ ಗಂಟು. ಸರತಿಯಲ್ಲಿ ಕೂತಿದ್ದಾಗಲೂ ಕೈ ಸುಮ್ಮನಿರಲಿಲ್ಲ, ಸೆರಗಿನ ತುದಿಯನ್ನು ಮಡಿಸುವುದು ಬಿಚ್ಚುವುದು ಮಾಡುತ್ತಿದ್ದರು. ಪಟ್ಟಿಯಲ್ಲಿ ಅವರದು ನಲವತ್ತೊಂದನೆಯ ಸಾಲು.

ಎಂಟು ಹತ್ತು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ನಾನು ಅರ್ಧ ದಿನ ರಜೆ ಹಾಕಿ ಕೋಟದ ಬಸ್ಸು ಹತ್ತಿದ್ದೆ. ಕೂರಲು ಜಾಗವಿಲ್ಲ, ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದರಲ್ಲಿ ಫೋನು. ಹಿಂದಿನ ಶಿಬಿರದ ವರದಿಗಳನ್ನೆಲ್ಲ ಡಾಕ್ಟರು ಅಂದೇ ನೋಡಿ ಮುಗಿಸಿದ್ದರು. ಸಾಲು ಸಾಲಾಗಿ ‘ಬಂತ್’ ಒತ್ತುತ್ತ ಬಂದೆ. ಅಷ್ಟರಲ್ಲಿ ಲ್ಯಾಬಿನಿಂದ ಸುದ್ದಿ ಬಂತು: ಬೈಂದೂರಿನ ಸ್ಯಾಂಪಲ್ಲುಗಳು ಮುಟ್ಟಿವೆ, ವರದಿ ಕಳಿಸುತ್ತೇವೆ. ಸರಿ, ಇವರಿಗೆಲ್ಲ ‘ಬತ್ತ್’ ಹಾಕಬೇಕು. ಫೋನು ಕೂಡ ನನ್ನ ಕೈಚಳಕ ಕಲಿತುಬಿಟ್ಟಿತ್ತು. ‘ಬ’ ಒತ್ತಿದ ಕೂಡಲೇ ‘ಬಂತ್’ ಎಂದು ಮುಂದೆ ತಂದಿಡುತ್ತಿತ್ತು. ಐದು ಜನರಿಗೆ ನೋಡಿಕೊಂಡು ‘ಬತ್ತ್’ ಬರೆದೆ. ಆರನೆಯವರಿಗೆ ಹೆಬ್ಬೆರಳು ಅದು ತೋರಿಸಿದ್ದನ್ನೇ ಒತ್ತಿತು. ನಲವತ್ತೊಂದನೆಯ ಸಾಲು ಹೆಸರಿನಿಂದ ಫೋನ್ ನಂಬರಿನವರೆಗೆ ಹಸಿರಾಯಿತು. ನಾನು ಫೋನನ್ನು ಬ್ಯಾಗಿಗೆ ಹಾಕಿ ಇಳಿದುಹೋದೆ.

ಎರಡು ದಿನ ಬಿಟ್ಟು ಆ ಕಿರಿಮಂಜೇಶ್ವರದವರೇ ಫೋನ್ ಮಾಡಿದರು.

"ಹ್ವಾಯ್, ನನ್ ರಿಪೋರ್ಟ್ ಎಂತ ಆಯ್ತ್ ಅಕ್ಕ?"

ಪಟ್ಟಿ ತೆರೆದೆ. ಹಸಿರು. "ಬಂತಲೆ" ಎಂದೆ. "ಡಾಕ್ಟ್ರ್ ನಿಮ್ಗೆ ಫೋನ್ ಮಾಡಿಲ್ಲೆ ಅಲ್ದಾ? ಹಂಗಾರೆ ಎಂತದೂ ಇಲ್ಲೆ. ನೀವ್ ಆರಾಮಲ್ಲಿ ಇರಿ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿತು. ಆಮೇಲೆ "ದೇವ್ರ್ ನಿಮ್ಮನ್ ಚಲೋ ಇಡ್ಲಿ" ಎಂದು ಫೋನ್ ಇಟ್ಟರು. ಅಳುತ್ತಿದ್ದರು ಎಂದು ಕಾಣುತ್ತದೆ. ನನಗೆ ಆ ದಿನವೆಲ್ಲ ಒಂಥರಾ ಖುಷಿ.

ವರದಿ ನಿಜವಾಗಿ ಬಂದದ್ದು ಮುಂದಿನ ವಾರ, ಲಕೋಟೆಯಲ್ಲಿ. ಆ ಲ್ಯಾಬಿನವರು ಒಂದೇ ವರದಿಯನ್ನು ಎರಡೆರಡು ಸಲ ಕಳಿಸುವುದುಂಟು. ಬಂದ ಲಕೋಟೆಯ ಮೇಲಿನ ಹೆಸರನ್ನು ಪಟ್ಟಿಯಲ್ಲಿ ನೋಡುವುದು, ಸಾಲು ಹಳದಿಯಾಗಿದ್ದರೆ ಡಾಕ್ಟರ ಮೇಜಿಗೆ, ಹಸಿರಾಗಿದ್ದರೆ ಎರಡನೆಯ ಪ್ರತಿ ಎಂದು ಕಪಾಟಿಗೆ. ಹೀಗೆ ಮಾಡಿಕೊಂಡಿದ್ದವಳೂ ನಾನೇ. ಐದು ಲಕೋಟೆ ಮೇಜಿಗೆ ಹೋದವು. ಒಂದು, ಒಡೆಯದೆ, ಕಪಾಟಿಗೆ ಹೋಯಿತು.

ಏಳು ತಿಂಗಳ ಮೇಲೆ ಬೈಂದೂರಿನಲ್ಲಿ ಮತ್ತೆ ಶಿಬಿರ. ಅವರು ಬಂದರು, ಜೊತೆಗೆ ಮಗಳು. ನನ್ನನ್ನು ಕಂಡು ನಕ್ಕು, "ಗಂಟ್ ದೊಡ್ಡದಾಯಿತ್ ಅಕ್ಕ. ಎಂತ ಇಲ್ಲೆ ಅಂದಿದ್ರಿ ಅಂದೇಳಿ ನಾನ್ ತಲೆಬಿಸಿ ಮಾಡಿಲ್ಲೆ" ಎಂದರು. ಒಳಗೆ ಹೋದರು. ಡಾಕ್ಟರು ಹೊರಗೆ ಬಂದವರೇ ನೇರ ನನ್ನ ಮೇಜಿನ ಹತ್ತಿರ ಬಂದರು. ಹಳೆಯ ವರದಿ ಬೇಕು ಎಂದರು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಪಾಟು ತೆಗೆದೆ. ಲಕೋಟೆ ಇತ್ತು. ಒಡೆದು ಓದಿದೆ. ಇಂಗ್ಲಿಷಿನಲ್ಲಿದ್ದರೂ ಆ ಒಂದು ಪದ ಓದಲು ಹೆಚ್ಚು ಕಲಿತಿರಬೇಕಾಗಿಲ್ಲ.

ಪಟ್ಟಿಯ ಹಳೆಯ ಬದಲಾವಣೆಗಳನ್ನೆಲ್ಲ ಕಂಪ್ಯೂಟರು ನೆನಪಿಟ್ಟುಕೊಂಡಿರುತ್ತದೆ. ತೆಗೆದು ನೋಡಿದೆ. ಆ ದಿನ, ಆ ಬಸ್ಸಿನ ಹೊತ್ತು, ನನ್ನ ಹೆಸರು. ಡಾಕ್ಟರಿಗೆ ಲಕೋಟೆ ಕೊಟ್ಟು, "ಕಪಾಟಿನಲ್ಲಿತ್ತು ಸಾರ್" ಎಂದೆ, ಅಷ್ಟೇ. ಅವರು ಅದನ್ನು ಎರಡು ಸಲ ಓದಿ, "ಈ ವರದಿ ಎಲ್ಲಿ ಎಂದು ನಾನೂ ಕೇಳಬೇಕಿತ್ತು" ಎಂದರು. ಹಸಿರು ಮಾಡಿದವಳು ನಾನೇ ಎಂಬುದನ್ನು ಬಚ್ಚಿಟ್ಟುಕೊಂಡು ಹೊರಗೆ ಬಂದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾನು ಎಷ್ಟು ಸಲ ಬೇರೆಯವರಿಗೆ ಹೇಳಿ ನಕ್ಕಿದ್ದೆನೋ.

ಅಲ್ಲಿಂದ ಶುರುವಾಯಿತು. ಪಟ್ಟಿ ತೆರೆದರೆ ಮೇಲಿನ ನಲವತ್ತು ಸಾಲು ಕಣ್ಣಿಗೆ ಬೀಳುತ್ತಿರಲಿಲ್ಲ. ಕೋಟದ ಬಯಲಿನಲ್ಲಿ ಎರಡನೇ ಬೆಳೆಗೆ ಭತ್ತದ ನೇಜಿ ನೆಟ್ಟು ಹಸಿರಾದಾಗ ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸಿಕೊಂಡು ಕೂರುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಂಬಾಲಿಸಿದ್ದು ನನ್ನದೇ ಸ್ವರ. ಅನ್ನಕ್ಕಿಡುವಾಗ, ತಲೆ ಬಾಚುವಾಗ, ಪಕ್ಕದ ಕೋಣೆಯಿಂದ ಯಾರೋ ಹೇಳಿದ ಹಾಗೆ: ಎಂತದೂ ಇಲ್ಲೆ, ನೀವ್ ಆರಾಮಲ್ಲಿ ಇರಿ. ಎಷ್ಟು ಸಲೀಸಾಗಿ ಹೇಳಿದ್ದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ನನ್ನದು ಹೋಗಲೇ ಇಲ್ಲ, ಮನೆಯೊಳಗೇ ಓಡಾಡಿಕೊಂಡಿತ್ತು.

ಅವರಿಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಔಷಧಿ ಶುರುವಾಯಿತು. ಕೂದಲು ಹೋಯಿತು. ಅಲ್ಲಿನವರು ಮಗಳಿಗೆ, ಆಗಲೇ ಬಂದಿದ್ದರೆ ಬೇರೆ ಮಾತಿತ್ತು ಎಂದರಂತೆ. ನಾನು ಭಾನುವಾರಗಳಂದು ಕಿರಿಮಂಜೇಶ್ವರಕ್ಕೆ ಹೋಗತೊಡಗಿದೆ. ಹೇಳಿಬಿಡಬೇಕು ಎಂದೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಕೆಲಸ ಹೋದೀತೆಂಬ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಅವರ ಮುಖ ಬದಲಾಗುವುದನ್ನು ನೋಡಬೇಕಲ್ಲ ಎಂಬುದು.

ಹೋದರೆ ಕೊಟ್ಟೆಕಡುಬು ತಯಾರಿರುತ್ತಿತ್ತು. ಬಲಗೈ ಬಾತುಕೊಂಡಿದ್ದರಿಂದ ಎಡಗೈಯಲ್ಲಿ ಎಲೆ ಹಿಡಿದು, ಹಲ್ಲಿನಲ್ಲಿ ಕಡ್ಡಿ ಮುರಿದು, ಒಂದು ಕೊಟ್ಟೆಗೆ ಅರ್ಧ ಗಂಟೆ ತೆಗೆದುಕೊಂಡು ಕಟ್ಟುತ್ತಿದ್ದರು. "ಇನ್ನೊಂದ್ ಹಾಕ್ಕಣಿ" ಎಂದು ಬಡಿಸಿ ಎದುರಿಗೆ ಕೂತು ನಾನು ತಿನ್ನುವುದನ್ನೇ ನೋಡುತ್ತಿದ್ದರು. ಒಂದು ಸಲ ಬಾಯಿ ತೆರೆದೆ. "ಅಕ್ಕ, ಆವತ್ ನೀವ್ ಫೋನ್ ಮಾಡಿದ್ರಿ ಅಲ್ದಾ" ಎಂದೆ. ಅವರ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. "ಹ್ಞಾ, ಹೇಳಿ" ಎಂದರು. ಒಂದು ಚೂರು ಕಡುಬನ್ನು ಚಟ್ನಿಗೆ ಅದ್ದಿ ಬಾಯಿಗಿಟ್ಟೆ. "ಚಟ್ನಿ ಚಲೋ ಆಯಿತ್" ಎಂದುಬಿಟ್ಟೆ. ಅವರು ತಲೆ ತಗ್ಗಿಸಿ ಮತ್ತೆ ಎಲೆ ಮಡಿಸಿದರು.

ಮಳೆ ಶುರುವಾಗುವ ಮೊದಲು ಅವರು ತೀರಿಕೊಂಡರು. ಮಗಳು ನನಗೂ ಫೋನ್ ಮಾಡಿ ತಿಳಿಸಿದಳು. ಉತ್ತರಕ್ರಿಯೆಯ ಬೊಜ್ಜದ ದಿನ ಹೋಗಲು ಧೈರ್ಯ ಬರಲಿಲ್ಲ. ಮತ್ತೂ ಒಂದು ವಾರ ಬಿಟ್ಟು, ಇನ್ನು ನನ್ನಿಂದ ಇದನ್ನು ಹೊತ್ತುಕೊಳ್ಳಲಾಗದು ಎಂದಾದಾಗ ಹೋದೆ. ಮಗಳು ಜಗಲಿಯಲ್ಲಿ ಅಮ್ಮನ ಸೀರೆಗಳನ್ನು ಮಡಿಸುತ್ತಿದ್ದಳು. ನಾನು ಕೂರಲೂ ಇಲ್ಲ. ಬಸ್ಸು, ಫೋನು, ಹೆಬ್ಬೆರಳು, ಕಪಾಟು, ಎಲ್ಲವನ್ನೂ ನಿಂತಲ್ಲೇ ಹೇಳಿದೆ. ಅವಳು ಬೈಯಲಿ, ಹೊಡೆಯಲಿ ಎಂದು ಕಾದೆ.

ಅವಳು ಮಡಿಸುತ್ತಿದ್ದ ಸೀರೆಯನ್ನು ಪೂರ್ತಿ ಮಡಿಸಿ ಪಕ್ಕಕ್ಕಿಟ್ಟಳು.

"ಅಮ್ಮಂಗೆ ಗೊತ್ತಿದ್ದಿತ್" ಎಂದಳು.

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ನಾನು ಫೋನಿನಲ್ಲಿ ಎಂತದೂ ಇಲ್ಲೆ ಎಂದ ದಿನವೇ ಅವರು ಸಂಜೆ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿದ್ದರು, ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಗುರುತು ಹಾಕಿದ್ದರು. ದೊಡ್ಡಾಸ್ಪತ್ರೆಗೆ ಒಯ್ಯಲು ಹಳೆಯ ವರದಿ ಕೈಗೆ ಬಂದಾಗ ಅದರ ಮೇಲಿನ ತಾರೀಕು ನೋಡಿದರು. ಇಂಗ್ಲಿಷ್ ಬಾರದಿದ್ದರೂ ಅಂಕಿ ಬರುತ್ತಿತ್ತು. ವರದಿ ತಯಾರಾದದ್ದೇ ಹಣ್ಣುಕಾಯಿ ಆಗಿ ನಾಲ್ಕು ದಿನಕ್ಕೆ.

"ಮತ್ತೆ ನನ್ ಹತ್ರ ಎಂತಕ್ ಕೇಣಿಲ್ಲೆ?" ಎಂದೆ.

"ನಾನ್ ಕೇಂತೆ ಅಂದೆ. ಅಮ್ಮ ಬೇಡ ಅಂದ್ರ್. ಆ ಅಕ್ಕ ಹೇಳೂಕಂದೇಳೇ ಬಪ್ಪುದ್, ಅವ್ರೇ ಹೇಳ್ಲಿ ಅಂದ್ರ್. ನೀವ್ ಬಪ್ಪು ದಿನ ಬೆಳಿಗ್ಗೆ ಎದ್ದ್ ಕಡುಬಿಗ್ ಇಡುವತಿಗೆ, ‘ಇವತ್ ಹೇಳ್ತ್ರ್ ಕಾಣ್’ ಅಂಬ್ರ್. ನೀವ್ ಹೋದ್ ಮೇಲೆ ‘ಇವತ್ತೂ ಹೇಳಿಲ್ಲೆ’ ಅಂದೇಳಿ ಹೋಯ್ ಚಾಪೆ ಮೇಲ್ ಮನಿಕಂಬ್ರ್."

ನಾನು ಆ ಮನೆಗೆ ಹನ್ನೊಂದು ಭಾನುವಾರ ಹೋಗಿದ್ದೆ.